ಎಂಟನೇ ಗಂಟೆಯ ಚಿತ್ರ

ಶ್ರಾವಣದ ಮೂರನೇ ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ದೊಡ್ಡಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ರಸ್ತೆ. ಹಾಜರಿದ್ದವರು: ನಾನು, ಚಳ್ಳಕೆರೆಯಿಂದ ನನ್ನನ್ನು ಕರೆತಂದ ಆಟೋದವನು, ಕುರಿಗಾಹಿ ಮೈಲಾರಣ್ಣ, ಅವನ ಮಂದೆ. ಹೀಗೆ ಬರೆದು ಶುರುಮಾಡುವುದು ನನ್ನ ನಲವತ್ತು ವರ್ಷದ ಅಭ್ಯಾಸ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೋಣೆಯಲ್ಲಿ ಕೆಲಸ ಮಾಡಿದವಳು ನಾನು. ದಿನ, ಗಂಟೆ, ಯಾರಿದ್ದರು ಎಂಬುದನ್ನು ಬರೆಯದೆ ನಾನು ಸ್ವಿಚ್ ಕೂಡ ಒತ್ತಿದವಳಲ್ಲ.

ಮಂದೆ ರಸ್ತೆ ದಾಟುತ್ತಿತ್ತು. ಆಟೋ ನಿಲ್ಲಿಸಿ ಕೆಳಗಿಳಿದೆ. "ಮೈಲಾರಣ್ಣ, ಚೆನ್ನಾಗಿದ್ದೀಯಾ?" ಎಂದೆ. ಅವನು ನನ್ನನ್ನು ಒಮ್ಮೆ ನೋಡಿ ಬೆನ್ನು ತಿರುಗಿಸಿ ನಿಂತ. ಕಂಬಳಿಯ ಬೆನ್ನೇ ಮಾತಾಡಿತು.

"ಚೆನ್ನಾಗಿರಾಕೆ ಏನೈತೆ ಮೇಡಮ್ಮಾರೆ. ನಿಮ್ಮ ಚಿತ್ರ ನಂಬಿ ಹೋದ ಮಳೆಗಾಲ ಹನ್ನೊಂದು ಮರಿ ಕಳಕೊಂಡೆ."

"ಯಾವ ಚಿತ್ರ?"

"ಅಲ್ಲೇ ಕೇಂದ್ರದೋರು ಗೋಡೆ ಮೇಲೆ ಹಾಕವ್ರೆ, ಹೋಗಿ ನೋಡ್ರಿ. ಅಮ್ಮ ಬಂದ್ರೆ ಅದನ್ನ ಬಿಚ್ಚಿಹಾಕೋ ಔಷಧಿ ಸಿಕ್ಕೈತೆ, ಒಂದಿಷ್ಟು ಮರಿಗೆ ಲಸಿಕೆ ಹಾಕಿಸಬ್ಯಾಡ, ಔಷಧಿ ಕೊಟ್ಟು ನೋಡಾಣ ಅಂದ್ರು. ಎರಡು ಸಲ ಆಗಲ್ಲ ಅಂದೆ. ಮೂರನೇ ಸಲ ಚಿತ್ರದ ಕೆಳಗೆ ನಿಮ್ಮ ಹೆಸರು ತೋರಿಸಿದ್ರು. ಒಪ್ಪಿದೆ."

ಅಮ್ಮ ಎಂದರೆ ಕುರಿಗಳ ಸಿಡುಬು. ಮಂದೆ ಮುಂದೆ ಹೋಯಿತು, ಅವನೂ ಹೋದ.

ಕೇಂದ್ರ ಅಲ್ಲಿಂದ ಒಂದು ಕೂಗಳತೆ. ಕುರಿ, ಮೇಕೆಗಳ ರೋಗಗಳನ್ನು ಅಭ್ಯಾಸ ಮಾಡಲು ಕಾವಲಿನ ಬದಿಯಲ್ಲಿ ಕಟ್ಟಿದ ಸಣ್ಣ ಸಂಶೋಧನಾ ಕೇಂದ್ರ. ನಿವೃತ್ತಿಯ ಮೇಲೆ ಎರಡು ವರ್ಷದ ಕರಾರಿನಲ್ಲಿ ಅಲ್ಲಿಯ ಸೂಕ್ಷ್ಮದರ್ಶಕದ ಕೋಣೆಯನ್ನು ಸಜ್ಜು ಮಾಡಿಕೊಟ್ಟವಳು ನಾನೇ. ಬಿಟ್ಟು ನಾಲ್ಕು ಮಳೆಗಾಲ ಕಳೆದಿತ್ತು. ಈಗ ಹೋಗುತ್ತಿದ್ದುದು ಅಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ನಂದಿನಿ ಫೋನ್ ಮಾಡಿ ಕರೆದಳೆಂದು. ನನ್ನ ಕೈಬರಹದ ಮೂರು ದಿನಚರಿ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿ ಇಡಬೇಕಂತೆ, ಹೊಸದಾಗಿ ಬರುವವರು ನೋಡಿ ಕಲಿಯಲೆಂದು. ನನಗೆ ಹೆಮ್ಮೆಯಾಗಿತ್ತು. ಹಿಂದಿನ ದಿನವೇ ಮೂರಕ್ಕೂ ಖಾಕಿ ಕಾಗದದ ಹೊದಿಕೆ ಹಾಕಿ, ಚೀಟಿ ಅಂಟಿಸಿ, ಚೀಲದಲ್ಲಿ ಜೋಡಿಸಿಟ್ಟಿದ್ದೆ.

ಬಾಗಿಲು ತೆಗೆದ ಕೂಡಲೇ ಆ ವಾಸನೆ ಬಂತು. ಜೀವಕೋಶವನ್ನು ಇದ್ದ ಸ್ಥಿತಿಯಲ್ಲೇ ತಟಕ್ಕನೆ ನಿಲ್ಲಿಸಿಬಿಡುವ ದ್ರಾವಣದ ವಾಸನೆ. ಕೊಳೆಯಲು ಶುರುವಾದ ಸೇಬಿನ ಹಾಗಿರುತ್ತದೆ, ಮೂಗಿಗೆ ಚುರುಕು ಮುಟ್ಟಿಸುತ್ತದೆ. ಹಜಾರದ ಗೋಡೆಯ ಮೇಲೆ ಆಳೆತ್ತರದ ಚಿತ್ರ ಇತ್ತು. ಬೂದು ಬಣ್ಣದ ಜೀವಕೋಶ, ಅದರೊಳಗೆ ಬಳೆಚೂರುಗಳ ಹಾಗೆ ಅರ್ಧರ್ಧ ವೃತ್ತಗಳು. ಕೆಳಗೆ ಬರೆದಿತ್ತು: "ಔಷಧಿ ಕೊಟ್ಟ ಮೇಲೆ, ಇಪ್ಪತ್ತನೇ ಗಂಟೆ. ಬಿಚ್ಚಿಕೊಳ್ಳುತ್ತಿರುವ ಸಿಡುಬಿನ ವೈರಸ್. ಚಿತ್ರ: ರುದ್ರಮ್ಮ."

ಮೇಲಿನ ಎಡಮೂಲೆಯಿಂದ ಓರೆಯಾಗಿ ಇಳಿದ ಒಂದು ಜೋಡಿ ಗೀರು. ಅದನ್ನು ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆ ಗೀರು ನನಗೆ ನನ್ನ ಅಂಗೈಯ ಗೆರೆಯಷ್ಟು ಪರಿಚಿತ. ಅದು ಇಪ್ಪತ್ತನೇ ಗಂಟೆಯದಲ್ಲ. ಆ ಕೋಶಗಳು ಔಷಧಿಯನ್ನು ಕಂಡೇ ಇರಲಿಲ್ಲ.

ನನ್ನ ಕರಾರಿನ ಕೊನೆಯ ವರ್ಷ ಮಳೆ ಹೇಳಿದ ಹೊತ್ತಿಗೆ ಬಂದಿತ್ತು. ನಮ್ಮ ಕಡೆ ಅದೇ ಒಂದು ಸುದ್ದಿ. ಕಾವಲಿನ ಹುಲ್ಲು ಮೊಣಕಾಲು ಮುಟ್ಟಿತ್ತು, ಶೇಂಗಾ ಹೊಲಗಳು ಹಳದಿ ಹೂವಿಗೆ ಬಂದಿದ್ದವು, ಕೇಂದ್ರದ ಹೊಸ ಗೋಡೆಗಳು ಇನ್ನೂ ಸುಣ್ಣದ ವಾಸನೆ ಬಿಡುತ್ತಿದ್ದವು. ನಾನು ಬಿ.ಜಿ. ಕೆರೆಯವಳು. ಓದಿದ್ದು ಸರ್ಕಾರಿ ಹಾಸ್ಟೆಲಿನಲ್ಲಿ. ಐದಕ್ಕೆ ಗಂಟೆ ಬಾರಿಸಿದರೆ ಐದೂಕಾಲಿಗೆ ಹಾಸಿಗೆ ಸುತ್ತಿರಬೇಕು, ಐದೂವರೆಗೆ ಜಡೆ ಹೆಣೆದಿರಬೇಕು. ಆ ಗಂಟೆ ನನ್ನೊಳಗೆ ಇವತ್ತಿಗೂ ಹೊಡೆಯುತ್ತದೆ.

ನನ್ನ ಕೈಕೆಳಗೆ ಕಲಿಯಲು ಬಂದವಳು ನಂದಿನಿ, ಮೊಳಕಾಲ್ಮುರಿನ ರೇಷ್ಮೆ ನೇಕಾರರ ಮನೆಯ ಮಗಳು. ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದಳು. ಮನೆಗೆ ಫೋನ್ ಮಾಡಿದರೆ ತೆಲುಗು, ನನ್ನ ಜೊತೆ ಕನ್ನಡ, ಕೋಪ ಬಂದರೆ ಎರಡೂ ಸೇರಿ. ನನ್ನನ್ನು ರುದ್ರಕ್ಕ ಎನ್ನುತ್ತಿದ್ದಳು.

"ರುದ್ರಕ್ಕ, ಎರಡು ನಿಮಿಷ ತಡ ಆದ್ರೆ ವೈರಸ್ ಏನು ರಾಯದುರ್ಗದ ಬಸ್ ಹತ್ತಿ ಹೋಗುತ್ತಾ?" ಎಂದಳು ಮೊದಲ ವಾರ.

"ಅದು ಹೋಗಲ್ಲ. ನಿನ್ನ ಮಾತಿನ ಬೆಲೆ ಹೋಗ್ತೈತೆ," ಎಂದೆ.

ನಮ್ಮ ಕೆಲಸ ಹೀಗಿತ್ತು. ಸಿಡುಬಿನದು ದೊಡ್ಡ ವೈರಸ್, ಕಟ್ಟಡ ಜಟಿಲ. ಕುರಿಯ ಜೀವಕೋಶಕ್ಕೆ ಹೊಕ್ಕ ಮೇಲೆ ಮೊದಲು ತನ್ನ ಹೊದಿಕೆ ಕಳಚುತ್ತದೆ. ಆಮೇಲೆ ಕೋಶದೊಳಗೇ ತನ್ನಂಥ ನೂರಾರನ್ನು ಕಟ್ಟಲು ಕೂರುತ್ತದೆ. ಬಳೆಚೂರಿನಂಥ ತುಣುಕು ಮೊದಲು. ಅದು ಬಾಗುತ್ತಾ ಬಾಗುತ್ತಾ ಪೂರ್ತಿ ಬಳೆಯಾಗುತ್ತದೆ. ಒಳಗೆ ಸರಕು ತುಂಬಿಕೊಂಡು ಕೊನೆಗೆ ಇಟ್ಟಿಗೆಯ ಆಕಾರ. ಕಟ್ಟಿ ಮುಗಿದ ಮೇಲೆ ಒಂದು ಔಷಧಿ ಹಾಕಿದರೆ ಆ ಇಟ್ಟಿಗೆ ಬಿಚ್ಚಿಕೊಳ್ಳುತ್ತದೆಯೇ ಎಂಬುದು ಕೇಂದ್ರದ ಮುಖ್ಯಸ್ಥರ ಪ್ರಶ್ನೆ. ನಾವು ಕೋಶಗಳನ್ನು ಬಟ್ಟಲುಗಳಲ್ಲಿ ಬೆಳೆಸಿ, ಸೋಂಕು ಕೊಟ್ಟು, ಒಂದನೇ ಗಂಟೆ, ನಾಲ್ಕನೇ ಗಂಟೆ, ಎಂಟನೇ ಗಂಟೆ, ಹೀಗೆ ಒಂದೊಂದು ಬಟ್ಟಲನ್ನು ಆ ಸೇಬಿನ ವಾಸನೆಯ ದ್ರಾವಣದಲ್ಲಿ ನಿಲ್ಲಿಸುತ್ತಿದ್ದೆವು. ಹನ್ನೆರಡನೇ ಗಂಟೆಗೆ ಉಳಿದ ಬಟ್ಟಲುಗಳಲ್ಲಿ ಅರ್ಧಕ್ಕೆ ಔಷಧಿ, ಅರ್ಧಕ್ಕೆ ಇಲ್ಲ; ಇಪ್ಪತ್ತನೇ ಗಂಟೆಗೆ ಅವನ್ನೂ ನಿಲ್ಲಿಸುತ್ತಿದ್ದೆವು.

ಆದರೆ ನಿಂತ ಚಿತ್ರ ಚಲಿಸುವುದಿಲ್ಲ. ಬಳೆಚೂರು ಕಂಡರೆ ಅದು ಕಟ್ಟಿಕೊಳ್ಳುತ್ತಿದೆಯೋ ಬಿಚ್ಚಿಕೊಳ್ಳುತ್ತಿದೆಯೋ ಚಿತ್ರ ಹೇಳುವುದಿಲ್ಲ. ಹೇಳುವುದು ಪಕ್ಕದಲ್ಲಿ ಬರೆದ ಗಂಟೆ ಮಾತ್ರ. ನಂದಿನಿ ಕಂಪ್ಯೂಟರಿನಲ್ಲಿ ದಾಖಲಿಸುತ್ತಿದ್ದಳು. ನಾನು ನನ್ನ ಸಮಾಧಾನಕ್ಕೆ ಪುಸ್ತಕದಲ್ಲೂ ಬರೆಯುತ್ತಿದ್ದೆ.

ರೋಗದ ಮಾದರಿ ಕೊಟ್ಟವನು ಮೈಲಾರಣ್ಣ. ಕೊಟ್ಟ ಎನ್ನುವುದೂ ತಪ್ಪು. ಹಟ್ಟಿಗೆ ಅಮ್ಮ ಬಂದರೆ ಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪಿನ ಹಗ್ಗ ಕಟ್ಟುತ್ತಾರೆ. ಮೊಸರನ್ನದ ಎಡೆ ಇಟ್ಟು ಅಮ್ಮನನ್ನು ಕಳಿಸುವವರೆಗೆ ಒಳಗಿನದು ಏನೂ ಹೊರಗೆ ಹೋಗಬಾರದು. ಹಾಲು, ಉಣ್ಣೆ, ಹಿಕ್ಕೆ, ಏನೂ. ನಾನು ಮೂರು ದಿನ ಹೋಗಿ ಹಗ್ಗದ ಹೊರಗೆ ನಿಂತು ಬಂದೆ. ನಾಲ್ಕನೇ ದಿನ ಅವನು ಕೇಳಿದ:

"ಯಾವೂರವ್ವ ನಿಂದು?"

"ಬಿ.ಜಿ. ಕೆರೆ."

"ಹಂಗಾದ್ರೆ ನಿಂಗೆ ಗೊತ್ತೈತೆ. ನಾನು ಕೊಡಂಗಿಲ್ಲ." ನನ್ನ ಚಪ್ಪಲಿ ನೋಡಿದ. "ಕಾಲು ತೊಳ್ಕೊಂಡು ಬರಿಗಾಲಲ್ಲಿ ಒಳಗೆ ಬಾ. ನೀನು ತಗೊಂಡ್ರೆ ನಾನು ನೋಡಿಲ್ಲ."

ಅವನು ಬೆನ್ನು ತಿರುಗಿಸಿ ನಿಂತ. ಕ್ರಿಮಿನಾಶಕದ ನೀರಿನಲ್ಲಿ ಕಾಲು ಅದ್ದಿ, ಕೈಗವಸು ಹಾಕಿ, ಒಂದು ಕುರಿಯ ಬಾಲದ ಬುಡದಿಂದ ನಾಲ್ಕು ಒಣಗಿದ ಹಕ್ಕಳೆಗಳನ್ನು ಚಿಮಟದಿಂದ ತೆಗೆದು ಸೀಸೆಗೆ ಹಾಕಿಕೊಂಡೆ. ಬರುವಾಗ ಮತ್ತೆ ಕಾಲು ಅದ್ದಿದೆ. "ಏನು ಕಾಣಿಸ್ತೈತೋ ಅದನ್ನ ನಂಗೂ ಹೇಳ್ಬೇಕು," ಎಂದಿತು ಬೆನ್ನು. "ಇದ್ದದ್ದು ಇದ್ದಂಗೆ." ಹೇಳುತ್ತೇನೆ ಎಂದೆ.

ಹೇಳುವುದಕ್ಕಿಂತ ತೋರಿಸಿದರೆ ಸರಿ ಎಂದು ಹಟ್ಟಿಯ ಹಗ್ಗ ಬಿಚ್ಚಿದ ಮೇಲೆ ಒಂದು ದಿನ ಅವನನ್ನು ಕೋಣೆಗೆ ಕರೆಸಿದೆ. ಯಂತ್ರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಅಷ್ಟು ಸಣ್ಣದನ್ನ ನೋಡಾಕೆ ಇಷ್ಟು ದೊಡ್ಡ ಕಂಬನಾ? ನಮ್ಮತ್ತೆ ಬರೀ ಕಣ್ಣಾಗೆ ಇದಕ್ಕಿಂತ ಸಣ್ಣ ತಪ್ಪು ಹುಡುಕ್ತಿದ್ಲು."

ನಂದಿನಿ ಮುಖ ಮುಚ್ಚಿಕೊಂಡು ನಕ್ಕಳು. ಪರದೆಯ ಮೇಲಿನ ಬಳೆಚೂರುಗಳನ್ನು ಅವನು ಬಹಳ ಹೊತ್ತು ನೋಡಿದ. ಅವನ ಮನೆಯಲ್ಲಿ ಕಂಬಳಿ ನೇಯುತ್ತಾರೆ.

"ಮಗ್ಗದ ಮೇಲೆ ಅರ್ಧ ಕಂಬಳಿ ಇದ್ದಂಗೈತೆ. ನೇಯ್ತಾ ಇದಾರೋ, ತಪ್ಪಾಗೈತೆ ಅಂತ ಬಿಚ್ತಾ ಇದಾರೋ, ನೋಡಿದೋರಿಗೆ ಹೆಂಗೆ ತಿಳಿಬೇಕು?"

ಹತ್ತು ವರ್ಷ ಓದಿದವರು ಕೇಳುವ ಪ್ರಶ್ನೆ ಅದು. ನಾನು ಪುಸ್ತಕ ತೆರೆದು ಗಂಟೆ ಬರೆದದ್ದನ್ನು ತೋರಿಸಿದೆ.

"ಓಹೋ. ಎಲ್ಲಾ ಬರೆಯೋರ ಮೇಲೈತೆ ಅನ್ನು."

"ಹೌದು."

"ಹಂಗಾದ್ರೆ ಬಿಡು, ನೀನು ಬರೀತೀಯ," ಎಂದು ಕಂಬಳಿ ಹೆಗಲಿಗೇರಿಸಿ ಹೋದ.

ಇನ್ನು ಆ ಗೀರು. ಕೋಶಗಳನ್ನು ಗಟ್ಟಿ ಅಂಟಿನಲ್ಲಿ ಹುದುಗಿಸಿ, ವಜ್ರದ ಅಲಗಿನ ಚಾಕುವಿನಿಂದ ಹಾಳೆ ಹಾಳೆಯಾಗಿ ಕತ್ತರಿಸಬೇಕು. ಆ ಹಾಳೆ ಎಷ್ಟು ತೆಳು ಎಂದರೆ ಚಾಕುವಿನ ಬೆನ್ನಿಗಿರುವ ಪುಟ್ಟ ತೊಟ್ಟಿಯ ನೀರಿನ ಮೇಲೆ ಬೆಳ್ಳಿಯ ಬಣ್ಣವಾಗಿ ತೇಲುತ್ತದೆ. ಹೊನ್ನಿನ ಬಣ್ಣ ಬಂದರೆ ದಪ್ಪವಾಯಿತೆಂದು ಅರ್ಥ. ನಂದಿನಿ ಮೊದಲ ದಿನವೇ ಆ ಬಣ್ಣಗಳನ್ನು ಗುರುತಿಸಿದಳು. ಜರಿ ನೋಡಿ ಬೆಳೆದ ಕಣ್ಣು. ತೇಲುವ ಹಾಳೆಗಳನ್ನು ಸರಿಸಲು ಲೋಹ ಬಳಸುವಂತಿಲ್ಲ. ಕಡ್ಡಿಯ ತುದಿಗೆ ಕಣ್ರೆಪ್ಪೆಯ ಒಂದು ಕೂದಲು ಅಂಟಿಸಿ ಅದರಿಂದ ಸರಿಸುತ್ತೇವೆ. ನಲವತ್ತು ವರ್ಷ ನನ್ನ ರೆಪ್ಪೆಯ ಕೂದಲನ್ನೇ ಬಳಸಿದ್ದೆ. ವಯಸ್ಸಾಗಿ ಅವು ಉದುರಿ ಮೊಂಡಾಗಿದ್ದವು. ನಂದಿನಿ ನಕ್ಕು ತನ್ನದೊಂದನ್ನು ಕಿತ್ತುಕೊಟ್ಟಳು. "ತಗೊಳ್ಳಿ ರುದ್ರಕ್ಕ, ಮೊಳಕಾಲ್ಮುರು ರೇಷ್ಮೆ." ಆ ಮಳೆಗಾಲದ ಅಷ್ಟೂ ಹಾಳೆಗಳನ್ನು ನಾನು ಅವಳ ರೆಪ್ಪೆಯಿಂದಲೇ ಸರಿಸಿದೆ.

ಎಂಟನೇ ಗಂಟೆಯ, ಔಷಧಿ ಇಲ್ಲದ ತುಂಡನ್ನು ಕತ್ತರಿಸುವ ದಿನ ಅವಳಿಗೆ ಅವಸರ. ನಾನು ತಿರುಗಿ ನೋಡುವಷ್ಟರಲ್ಲಿ ಚಿಮಟದ ತುದಿಯನ್ನು ಅಲಗಿಗೆ ತಾಗಿಸಿಬಿಟ್ಟಿದ್ದಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಹಾಳೆಯ ಮೇಲೂ ಓರೆಯಾದ ಜೋಡಿ ಗೀರು. ಅಲಗು ಮುಕ್ಕಾಗಿತ್ತು. ಮುಖ್ಯಸ್ಥರು ಅದಕ್ಕೆ ಮುಂಚೆಯೇ ಎರಡು ಸಲ ಅವಳನ್ನು ಗದರಿದ್ದರು.

"ಅಕ್ಕ, ಸಾರ್‌ಗೆ ಗೊತ್ತಾದ್ರೆ ನನ್ನನ್ನ ಮುಂದುವರಿಸಲ್ಲ. ಊರಿಗೆ ಹೋಗಿ ಲಾಳಿ ಹಿಡಿಬೇಕು ನಾನು," ಎಂದಳು.

ನಾನು ಪುಸ್ತಕ ಎಳೆದುಕೊಂಡು ಬರೆದೆ: "ಚಾಕುವಿಗೆ ಪೆಟ್ಟು. ಕಾರಣ: ರುದ್ರಮ್ಮನ ಅಜಾಗರೂಕತೆ." ಆ ಪುಸ್ತಕದಲ್ಲಿ ನಾನು ಬರೆದ ಏಕೈಕ ಸುಳ್ಳು ಅದು. ಅವಳು ನನ್ನ ಹೆಗಲಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತಳು. ನನಗೆ ಸಂತೋಷವೇ ಆಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಮುಖ್ಯಸ್ಥರು ನನ್ನ ಮುಂದೆ ಏನೂ ಅನ್ನಲಿಲ್ಲ. ಚಾಕು ರಿಪೇರಿಗೆ ಹೋಯಿತು, ಮಿಕ್ಕ ತುಂಡುಗಳನ್ನೆಲ್ಲ ಗಾಜಿನ ಚಾಕುವಿನಿಂದ ಕತ್ತರಿಸಿದೆವು. ಹಾಗಾಗಿ ಆ ಜೋಡಿ ಗೀರು ಇರುವುದು ಎಂಟನೇ ಗಂಟೆಯ ಹಾಳೆಗಳ ಮೇಲೆ ಮಾತ್ರ. ವೈರಸ್ ಕಟ್ಟಿಕೊಳ್ಳುತ್ತಿದ್ದ ಗಂಟೆ ಅದು.

ಔಷಧಿ ಹಾಕಿದ ಇಪ್ಪತ್ತನೇ ಗಂಟೆಯ ಹಾಳೆಗಳು ಪರದೆಗೆ ಬರುವ ಮೊದಲೇ ನನ್ನ ಕರಾರು ಮುಗಿಯಿತು. ಚಳ್ಳಕೆರೆಯ ಮನೆಯಿಂದ ಫೋನ್ ಮಾಡಿ ಕೇಳಿದ್ದೆ. "ಚೆನ್ನಾಗಿ ಬಂದಿದೆ ರುದ್ರಕ್ಕ, ನೀವು ಆರಾಮಾಗಿರಿ," ಎಂದಿದ್ದಳು. ಆಮೇಲೆ ನನ್ನ ಮಂಡಿ ಕೈಕೊಟ್ಟಿತು. ನಾನು ಆರಾಮಾಗಿದ್ದೆ.

ಹಜಾರದಿಂದ ಒಳಗೆ ಹೋದೆ. ಈಗ ಸೂಕ್ಷ್ಮದರ್ಶಕದ ಕೋಣೆ ನಂದಿನಿಯ ಉಸ್ತುವಾರಿಯಲ್ಲಿದೆ. ನನ್ನನ್ನು ಕಂಡು ಎದ್ದು ಬಂದಳು, ಚೀಲಕ್ಕೆ ಕೈ ಚಾಚಿದಳು. ನಾನು ಕೊಡಲಿಲ್ಲ.

"ಹೊರಗಿನ ಚಿತ್ರದ ಮೇಲಿನ ಗೀರು ಯಾವ ದಿನದ್ದು?"

"ಕೂತ್ಕೊಳ್ಳಿ ರುದ್ರಕ್ಕ. ಕಾಫಿ ತರಿಸ್ತೀನಿ."

"ಯಾವ ದಿನದ್ದು?"

ಬಾಗಿಲು ಮುಚ್ಚಿ ಬಂದಳು. ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಮೊದಲು ವರದಿಯಲ್ಲಿ ಜಾಗ ತುಂಬಲಿ ಅಂತ ಇಟ್ಟಿದ್ದೆ. ಔಷಧಿ ಹಾಕಿದ ಇಪ್ಪತ್ತನೇ ಗಂಟೆಯಲ್ಲಿ ನೋಡಿದ್ರೆ ಎಲ್ಲಾ ಹಾಗೇ ಇಟ್ಟಿಗೆ ಇಟ್ಟಿಗೆ. ಒಂದೂ ಬಿಚ್ಚಿರಲಿಲ್ಲ. ಸಾರ್ ಮಾರನೇ ದಿನ ಮೀಟಿಂಗಿಗೆ ಹೊರಟಿದ್ರು. ಒಳ್ಳೇ ಚಿತ್ರ ಸಿಕ್ಕಿದ ಮೇಲೆ ಇದನ್ನ ತೆಗೀತೀನಿ ಅಂದ್ಕೊಂಡೆ. ಸಿಗಲಿಲ್ಲ. ಅಷ್ಟರಲ್ಲಿ ಎಲ್ಲರೂ ಅದನ್ನೇ ನೋಡಿದ್ರು, ಅದನ್ನೇ ಕೇಳಿದ್ರು."

"ನನ್ನ ಹೆಸರು ಯಾಕೆ?"

"ನಿಮ್ಮ ಹೆಸರಿದ್ರೆ ಯಾರೂ ಎರಡನೇ ಸಲ ಕೇಳಲ್ಲ."

ಇಷ್ಟು ದೊಡ್ಡ ಹೊಗಳಿಕೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

"ಮೈಲಾರಣ್ಣನೂ ಕೇಳಲಿಲ್ಲ. ಹನ್ನೊಂದು ಮರಿ ಹೋದವು."

"ಗೊತ್ತು." ತಲೆ ತಗ್ಗಿಸಿದಳು. "ಹಟ್ಟಿಗೆ ಹೋಗಬೇಕು ಅಂತ ಎರಡು ಸಲ ಹೊರಟೆ. ಗೇಟಿನ ತನಕ ಹೋಗಿ ವಾಪಸ್ ಬಂದೆ."

"ಪುಸ್ತಕಗಳು ಪ್ರದರ್ಶನಕ್ಕೆ ಬೇಕಿದ್ದವೋ, ನಿನ್ನ ಬೀಗದೊಳಗೆ ಬೇಕಿದ್ದವೋ?"

ಅವಳು ತಲೆ ಎತ್ತಿದಾಗ ಮುಖ ಬೇರೆಯಾಗಿತ್ತು. "ಆ ಪುಸ್ತಕ ತೋರಿಸಿದ್ರೆ ನಿಮಗೇ ಕಷ್ಟ ಅಕ್ಕ. ಚಾಕು ಕೆಡಿಸಿದ್ದು ನೀವು ಅಂತ ಅದರಲ್ಲಿ ಬರೆದಿದೆ. ಅದು ಸುಳ್ಳು ಅಂತ ನಮ್ಮಿಬ್ಬರಿಗೂ ಗೊತ್ತು. ಒಂದು ಸಾಲು ಸುಳ್ಳಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಮೊದಲ ಸುಳ್ಳು ಬರೆದೋರು ನೀವೇ ತಾನೆ?"

ಅವಳ ಮೇಜಿನ ಮೇಲೆ ಹಳೆಯ ಪೆನ್ ಡಬ್ಬಿ ಇತ್ತು. ಅದರಲ್ಲಿ ಆ ಕಡ್ಡಿ, ತುದಿಯಲ್ಲಿ ಆ ರೆಪ್ಪೆಯ ಕೂದಲು, ಇನ್ನೂ ಬಾಗದೆ ನಿಂತಿತ್ತು. ಅವಳನ್ನು ಉಳಿಸಲು ಬರೆದ ಸಾಲನ್ನೇ ಎತ್ತಿ ನನ್ನ ಕಡೆ ತಿರುಗಿಸಿದ್ದಳು. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಪುಸ್ತಕದಲ್ಲಿ ನಡೆದದ್ದನ್ನು ಬದಲಿಸಿ ಬರೆಯಬಾರದು ಎಂದು ಬಾಯಲ್ಲಿ ಕಲಿಸಿದವಳು ನಾನು, ಬೇಕಾದವರಿಗಾಗಿ ಬದಲಿಸಬಹುದು ಎಂದು ಕೈಯಲ್ಲಿ ಕಲಿಸಿದವಳೂ ನಾನೇ.

ಕುಳಿತೆ. ಮೂರನೇ ಪುಸ್ತಕ ತೆಗೆದೆ, ಆ ಪುಟ ತೆರೆದೆ. ಹಳೆಯ ಸಾಲನ್ನು ಓದಲು ಬರುವ ಹಾಗೆ ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: "ಈ ಸಾಲು ಸುಳ್ಳು. ಚಾಕುವಿಗೆ ಪೆಟ್ಟು ಬಿದ್ದದ್ದು ನಂದಿನಿಯ ಕೈಯಿಂದ. ಸುಳ್ಳು ಬರೆದದ್ದು ನಾನು, ತಿಳಿದೇ ಬರೆದೆ. ಹಜಾರದಲ್ಲಿ ಇಪ್ಪತ್ತನೇ ಗಂಟೆ ಎಂದು ತೋರಿಸಿರುವ ಚಿತ್ರ ಈ ದಿನ ಕತ್ತರಿಸಿದ ಎಂಟನೇ ಗಂಟೆಯ, ಔಷಧಿ ಇಲ್ಲದ ಹಾಳೆಯದು." ದಿನ, ಗಂಟೆ, ಸಹಿ ಹಾಕಿದೆ.

"ನೀನೂ ಸಹಿ ಹಾಕ್ತೀಯಾ?"

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನನ್ನ ಸಹಿಯ ಕೆಳಗೆ ಬರೆದೆ: "ಹಾಜರಿದ್ದವರು: ಡಾ. ನಂದಿನಿ. ಸಹಿ ಹಾಕಲಿಲ್ಲ."

ಅದೇ ಮಾತುಗಳನ್ನು ಬಿಳಿ ಹಾಳೆಯಲ್ಲಿ ಮುಖ್ಯಸ್ಥರಿಗೆ ಬರೆದು, ಆ ಪುಟದ ಜೆರಾಕ್ಸ್ ಲಗತ್ತಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಂಡೆ. ಮುಂದೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಪುಸ್ತಕಗಳನ್ನು ಮತ್ತೆ ಚೀಲಕ್ಕೆ ಹಾಕಿದೆ. ಹೊರಡುವಾಗ ನಂದಿನಿ ಬಾಗಿಲವರೆಗೆ ಬರಲಿಲ್ಲ.

ಸಂಜೆ ಐದು ಗಂಟೆ. ಮೈಲಾರಣ್ಣನ ಹಟ್ಟಿ. ಮಂದೆ ಆಗಷ್ಟೇ ಒಳಗೆ ಬಂದಿತ್ತು. ಬಾಗಿಲಿಗೆ ಬೇವು ಇರಲಿಲ್ಲ, ಆದರೂ ನಾನು ಹೊರಗೇ ನಿಂತೆ. ಅವನು ನನ್ನನ್ನು ನೋಡಿಯೂ ಕುರಿಗಳನ್ನು ಎಣಿಸುತ್ತಾ ಹೋದ. ಎಣಿಕೆ ಮುಗಿಯುವವರೆಗೆ ಕಾದೆ.

"ಓದಿ ಹೇಳೋದೈತೆ ಮೈಲಾರಣ್ಣ. ನಾಲ್ಕು ವರ್ಷದ ಹಿಂದೆ ಹೇಳ್ತೀನಿ ಅಂದಿದ್ದು."

"ಓದು."

ಕೆಂಪು ಶಾಯಿಯ ಸಾಲುಗಳನ್ನು ಓದಿದೆ. ನಂದಿನಿಯ ಹೆಸರು ಬಂದಲ್ಲಿ ದನಿ ತಗ್ಗಿಸಲಿಲ್ಲ, ನನ್ನ ಸುಳ್ಳು ಬಂದಲ್ಲಿಯೂ ಇಲ್ಲ. ಅವನು ಕೋಲಿಗೆ ಗದ್ದ ಊರಿ ಕೇಳಿದ.

"ಗಂಟೆ ಇನ್ನೊಂದ್ಸಲ ಓದು."

"ಎಂಟನೇ ಗಂಟೆ."

"ಹಂಗಾದ್ರೆ ಅದು ಕಟ್ಕೊಳ್ತಾ ಇತ್ತು."

"ಹೌದು. ಕಟ್ಕೊಳ್ತಾ ಇತ್ತು."

"ಬಿಚ್ತಾ ಇರಲಿಲ್ಲ."

"ಇರಲಿಲ್ಲ."

ಒಳಗೆ ಒಂದು ಮರಿ ತಾಯಿಯನ್ನು ಹುಡುಕಿ ಕೂಗುತ್ತಿತ್ತು. ಅವನು ಹೋಗಿ ಅದನ್ನು ಎತ್ತಿ ತಾಯಿಯ ಕೆಚ್ಚಲಿಗೆ ಹಚ್ಚಿ ಬಂದ. ತಪ್ಪಾಯಿತು ಎಂದೆ. ಅವನು ಕೈಯನ್ನು ಕಂಬಳಿಗೆ ಒರೆಸಿಕೊಂಡ. ಉತ್ತರಕ್ಕೆ ನಾನು ಕಾಯಲಿಲ್ಲ.

"ಹಾಜರಿದ್ದವರಲ್ಲಿ ನಿನ್ನ ಹೆಸರು ಬರೆಯಲಾ?" ಎಂದು ಕೇಳಿದೆ.

"ಅವತ್ತು ನೋಡಿಲ್ಲ ಅಂದಿದ್ದೆ. ಇವತ್ತು ನೋಡೀನಿ. ಬರಿ." ನಾನು ಬರೆಯುವುದನ್ನು ಬಗ್ಗಿ ನೋಡಿದ. "ಹನ್ನೊಂದು ಮರಿನೂ ಬರಿ."

ಬರೆದೆ. ಅವನ ಕಡೆ ಪುಟ ತಿರುಗಿಸಿ, ಯಾವುದು ಅವನ ಹೆಸರು, ಯಾವುದು ಹನ್ನೊಂದು ಎಂದು ಬೆರಳಿಟ್ಟು ತೋರಿಸಿದೆ. ಐದು ಗಂಟೆ ಇಪ್ಪತ್ತು ನಿಮಿಷ ಎಂದು ಕೊನೆಗೆ ಬರೆದು, ಶಾಯಿ ಒಣಗಲು ಬಿಟ್ಟು, ಪುಸ್ತಕ ಮುಚ್ಚಿ ದಾರ ಕಟ್ಟಿದೆ.